ಗವಿಯಲ್ಲಿ ವೈನು ಒಣಗಿದ ವರ್ಷ

ಒರ್ವಿಯೇತೊ, ಬಂಡೆಯಂಚಿನ ಓಣಿ
ಮಂಗಳವಾರ, 5 ನವೆಂಬರ್ 1968

ಪ್ರೀತಿಯ ತಮ್ಮ ನೇನೊ,

ನಿನ್ನ ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ ನೀನು ‘ಪರವಾಗಿಲ್ಲ’ ಎಂದು ಬರೆದಿದ್ದೆ. ಆ ಮಾತನ್ನು ಡಾಕ್ಟರ ಹತ್ತಿರ ಹೇಳು, ನನ್ನ ಹತ್ತಿರ ಬೇಡ. ಇಪ್ಪತ್ತೊಂದು ವರ್ಷ ಬೆಲ್ಜಿಯಮ್ಮಿನ ಗಣಿಯಲ್ಲಿ ಕಲ್ಲಿದ್ದಲ ಪುಡಿ ಕುಡಿದವನ ಎದೆ ಹೇಗಿರುತ್ತದೆಂದು ನನಗೂ ಗೊತ್ತು. ಉಗುಳಿದರೆ ಕಪ್ಪೋ ಬಿಳಿಯೋ, ಮೆಟ್ಟಿಲು ಹತ್ತುವಾಗ ಎಷ್ಟು ಸಲ ನಿಲ್ಲುತ್ತೀಯ, ಅದನ್ನು ಬರೆ. ನಿನ್ನ ಹೆಂಡತಿ ಲಿಯೋನಿ ಇನ್ನೂ ಎಲ್ಲದಕ್ಕೂ ಬೆಣ್ಣೆ ಹಾಕುತ್ತಾಳೋ? ಹಾಕಲಿ ಬಿಡು, ಒಳ್ಳೆಯವಳು, ನಿನ್ನಂಥವನನ್ನು ಕಟ್ಟಿಕೊಂಡು ಏಗಿದ್ದಾಳೆ. ನನ್ನ ಮಂಡಿ ಹೋಗಿದೆ, ಹಲ್ಲು ಮೂರು ಉಳಿದಿವೆ, ನಾಲಿಗೆ ಮಾತ್ರ ಹಾಗೇ ಇದೆ ಎಂದು ಸೊಸೆ ಹೇಳುತ್ತಾಳೆ. ಅಕ್ಷರ ವಕ್ರವಾಗಿದ್ದರೆ ನಗಬೇಡ. ಅಮ್ಮ ನಿನ್ನನ್ನು ಹೆತ್ತು ಕಣ್ಣು ಮುಚ್ಚಿದ ವಾರವೇ ನನ್ನ ಪಾಟಿಚೀಲ ಅಟ್ಟ ಸೇರಿತು. ನಿನ್ನ ತೊಟ್ಟಿಲ ಹಗ್ಗ ಹಿಡಿದ ಕೈ ಆಮೇಲೆ ಪೆನ್ಸಿಲು ಹಿಡಿದದ್ದು ಕಡಿಮೆ.

ಅದೂ ಅಲ್ಲದೆ ಈಗ ಮೇಜಿಲ್ಲ, ತೊಡೆಯ ಮೇಲೆ ಒಲೆಯ ತಗಡು ಇಟ್ಟುಕೊಂಡು ಬರೆಯುತ್ತಿದ್ದೇನೆ. ಎಲ್ಲಿ ಕೂತು ಗೊತ್ತೇ? ಕೆಳಗವಿಯಲ್ಲಿ. ಅಪ್ಪ ಕಟ್ಟಿದ ಆ ಗೋಡೆಗೆ ಬೆನ್ನು ಕೊಟ್ಟು, ಹುಲ್ಲಿನ ಕುರ್ಚಿಯ ಮೇಲೆ, ಎರಡು ಶಾಲು ಹೊದ್ದು, ಪಕ್ಕದಲ್ಲಿ ಮೇಣದಬತ್ತಿ. ನಿನ್ನೆ ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ, ಮಲಗಲಷ್ಟೇ ಮೇಲೆ ಹೋದೆ. ಮಲಗುವಾಗ ಸುತ್ತಿಗೆ, ಹಾರೆ ಎರಡನ್ನೂ ನನ್ನ ಹಾಸಿಗೆಯ ಕೆಳಗೆ ಹಾಕಿಕೊಂಡೆ. ನನ್ನ ಮಗ ಓರೆಸ್ತೆ ಈ ಗೋಡೆ ಒಡೆಯಬೇಕೆಂದು ಕುಣಿಯುತ್ತಿದ್ದಾನೆ. ಒಡೆಯುವುದು ಬರುವ ಮಂಗಳವಾರವಂತೆ, ಸಂತ ಮಾರ್ಟಿನನ ಹಬ್ಬ ಮುಗಿದ ಮರುದಿನ. ನಾನು ಇಲ್ಲಿಂದ ಎದ್ದರೆ ಅವನು ಆ ವಾರವೂ ಕಾಯುವುದಿಲ್ಲ. ಗೋಡೆಯ ಹಿಂದೆ ನಿಜವಾಗಿ ಏನಾಗಿದೆ ಎಂದು ನಿನಗೆ ಗೊತ್ತು, ನನಗೆ ಗೊತ್ತು, ಬದುಕಿರುವ ಮೂರನೆಯವರಿಗೆ ಗೊತ್ತಿಲ್ಲ. ಇದರ ಮೇಲೆ ನಡುಗವಿ, ನಡುಗವಿಯ ಮೇಲೆ ಮೇಲಿನ ಗವಿ, ಅದರ ಮೇಲೆ ಮನೆಯ ಹಿಂದಿನ ಕೋಣೆ, ಆ ಕೋಣೆಯಲ್ಲಿ ಈಗ ನನ್ನ ಮೊಮ್ಮಗಳು ನಿವೇಸಳ ತೊಟ್ಟಿಲು. ಏಳು ತಿಂಗಳ ಕೂಸು. ಇಷ್ಟು ಹೇಳಿದರೆ ನೀನು ಈಗಲೇ ಬೆವರುತ್ತೀಯ ಎಂದು ಗೊತ್ತು. ಬೆವರು, ಆದರೆ ಪೂರ್ತಿ ಓದು.

ಮೊದಲಿನಿಂದ ಹೇಳುತ್ತೇನೆ. ಈ ವರ್ಷ ದ್ರಾಕ್ಷಿ ಚೆನ್ನಾಗಿ ಬಂತು. ಪಾಲ್ಯ ನದಿಯ ಕಡೆಯ ಇಳಿಜಾರಿನಲ್ಲಿ ಆಲಿಕಲ್ಲು ಬೀಳಲಿಲ್ಲ. ಪ್ರೊಕಾನಿಕೊ ಜಾತಿಯ ಗೊಂಚಲು ಮಗುವಿನ ಕಾಲಿನಷ್ಟು ಉದ್ದ, ನಡುನಡುವೆ ವೆರ್ದೆಲ್ಲೊ, ಕೆಳಸಾಲಿನಲ್ಲಿ ನೀನು ನೆಟ್ಟ ಗ್ರೆಕೆತ್ತೊ. ಎಲ್ಲವನ್ನೂ ಒಟ್ಟಿಗೆ ತುಳಿದು, ಎಂದಿನ ಹಾಗೆ ರಸವನ್ನು ಮೇಲಿನ ಗವಿಯಿಂದ ನಡುಗವಿಗೆ, ಅಲ್ಲಿಂದ ಕೆಳಗವಿಗೆ ಬಿಟ್ಟೆವು. ಇಲ್ಲಿಗೆ ಬಂದ ರಸ ಏನಾಗುತ್ತದೆ ಎಂದು ನಿನಗೆ ಹೇಳಬೇಕೆ? ಹತ್ತು ಹನ್ನೆರಡು ದಿನ ಹುದುಗು ಬಂದು ತಾನಾಗಿ ಕುದಿಯುತ್ತದೆ, ಆಮೇಲೆ ಗವಿಯ ಚಳಿ ಅದರ ಕತ್ತು ಹಿಡಿಯುತ್ತದೆ, ಕುದಿ ನಿಲ್ಲುತ್ತದೆ, ನಾಲಿಗೆಯ ತುದಿಗೆ ಹತ್ತುವಷ್ಟು ಸಿಹಿ ಉಳಿಯುತ್ತದೆ. ನಮ್ಮಜ್ಜನ ಅಜ್ಜನ ಕಾಲದಿಂದ ಹೀಗೇ. ಅಪ್ಪ ಸಂತ ಮಾರ್ಟಿನನ ದಿನ ಮೊದಲ ಲೋಟ ಬಾಯಿಗಿಟ್ಟು ಏನನ್ನುತ್ತಿದ್ದ ನೆನಪಿದೆಯೇ? ಚೆನ್ನಾಗಿದೆ ಎಂದು ಒಂದು ದಿನ ಹೇಳಿದವನಲ್ಲ. ‘ಸಿಹಿ ಇದೆ. ಬಂಡೆ ಬಾಯಿ ಮುಚ್ಕೊಂಡಿದೆ’ ಅನ್ನುತ್ತಿದ್ದ. ಅಷ್ಟೇ. ಆಮೇಲೆ ಎಲ್ಲರಿಗೂ ಸುರಿಯುತ್ತಿದ್ದ. ಚಿಕ್ಕವರಿದ್ದಾಗ ಅದು ಅಪ್ಪನ ತಮಾಷೆ ಅಂದುಕೊಂಡಿದ್ದೆವು.

ಈ ವರ್ಷ ಕುದಿ ನಿಲ್ಲಲಿಲ್ಲ, ನೇನೊ. ಹದಿನೈದು ದಿನವಾಯಿತು, ಇಪ್ಪತ್ತಾಯಿತು, ಪೀಪಾಯಿಗೆ ಕಿವಿಯಿಟ್ಟರೆ ಒಳಗೆ ಇನ್ನೂ ಪಿಸುಪಿಸು. ಸಂತರೆಲ್ಲರ ಹಬ್ಬಕ್ಕೆ ಎರಡು ದಿನ ಮುಂಚೆ ನಿಂತಿತು. ನಲ್ಲಿ ತಿರುಗಿಸಿ ಬಾಯಿಗೆ ಹಾಕಿದರೆ ಸಿಹಿ ಎಂಬುದು ಒಂದು ಸೂಜಿಮೊನೆಯಷ್ಟಿಲ್ಲ. ಒಗರು, ಕೊನೆಯಲ್ಲಿ ಕಹಿಬಾದಾಮಿ, ನಾಲಿಗೆ ಒರೆಸಿ ಇಟ್ಟ ಹಾಗೆ. ನಾನು ಉಗುಳಿದೆ. ಓರೆಸ್ತೆ ಕುಣಿದಾಡಿದ. ಅದೇ ದಿನ ರೋಮಿನಿಂದ ಬಾರ್ತೊಲೇಯಿ ಎಂಬ ವ್ಯಾಪಾರಿ ಬಂದಿದ್ದ, ತಲೆಗೆ ಎಣ್ಣೆ, ಕಾಲಿಗೆ ತೆಳ್ಳಗಿನ ಬೂಟು, ಗವಿ ಇಳಿಯುವಾಗ ಮೂರು ಸಲ ಜಾರಿದ. ಕುಡಿದವನೇ ಕಣ್ಣು ಮುಚ್ಚಿ ಚಪ್ಪರಿಸಿದ. ‘ಅಮ್ಮನೋರೇ, ಇದು ಒಣ ವೈನು ಕಣ್ರೀ! ರೋಮಿನ ಹೋಟೆಲಿನೋರು ಈಗ ಕೇಳೋದೇ ಇದನ್ನ. ನಿಮ್ಮ ಹಳೇ ಸಿಹಿ ವೈನು ಮುದುಕೀರಿಗೆ, ಪಾದ್ರಿಗಳಿಗೆ.’ ನಾನೂ ಬಿಡಲಿಲ್ಲ. ‘ನಾನು ಮುದುಕೀನೇ. ಕುಡಿಯೋ ಪದಾರ್ಥ ಒಣ ಹೆಂಗಾಗುತ್ತೆ, ಅದನ್ನ ಮೊದಲು ಹೇಳು’ ಅಂದೆ. ಅವನು ನಕ್ಕ. ಓರೆಸ್ತೆ ನನ್ನ ತೋಳು ಹಿಂಡಿದ. ಊರಿನ ದೊಡ್ಡ ದೊಡ್ಡ ವೈನು ಮಾಡುವವರು ಯಂತ್ರ ತರಿಸಿ, ಔಷಧಿ ಹಾಕಿ, ಏನೇನೋ ಸರ್ಕಸ್ಸು ಮಾಡಿ ವೈನು ಒಣಗಿಸುತ್ತಿದ್ದಾರಂತೆ. ನಮಗೆ ಏನೂ ಮಾಡದೆ ತಾನಾಗಿ ಬಂದಿದೆಯಂತೆ. ‘ದೇವರು ಕೊಟ್ಟ ಗವಿ’ ಎಂದು ಹೇಳಿ ಹೋದ ಮಹಾರಾಯ. ಮುಂದಿನ ವರ್ಷ ಇದರ ಎರಡರಷ್ಟು ಬೇಕಂತೆ.

ದೇವರು ಕೊಟ್ಟದ್ದಾದರೆ ಹಿಂದಿನ ಐವತ್ತು ವರ್ಷ ಯಾಕೆ ಕೊಡಲಿಲ್ಲ? ಈ ಪ್ರಶ್ನೆ ನನ್ನೊಬ್ಬಳ ತಲೆಗೇ ಬಂತು. ಗವಿಯ ಚಳಿ ಎಲ್ಲಿ ಹೋಯಿತು? ಚಳಿಗೇನು ಕಾಲು ಬಂತೇ? ಅಕ್ಟೋಬರಿನಲ್ಲಿ ಹತ್ತು ದಿನ ದಕ್ಷಿಣದ ಬಿಸಿಗಾಳಿ ಬೀಸಿತ್ತು, ನಿಜ. ಆದರೆ ಹೊರಗೆ ಬೆಂಕಿ ಬಿದ್ದರೂ ಕೆಳಗವಿಗೆ ಗೊತ್ತಾಗುತ್ತಿರಲಿಲ್ಲವಲ್ಲ. ಇನ್ನೊಂದು ಕೇಳು. ರಸ ಕುದಿಯುವಾಗ ಗವಿಗೆ ಇಳಿಯುವವರು ಬತ್ತಿಯನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದು ಇಳಿಯುವುದು ಪದ್ಧತಿ. ಬತ್ತಿ ಆರಿದರೆ ಅಲ್ಲಿಂದಲೇ ವಾಪಸು, ಯಾಕೆಂದರೆ ಕುದಿಯ ಕೆಟ್ಟಗಾಳಿ ನೆಲದ ಮೇಲೆ ನೀರಿನ ಹಾಗೆ ನಿಂತಿರುತ್ತದೆ. ಪಕ್ಕದ ಮನೆಯ ಹಳೇ ಯಜಮಾನ ಸತ್ತದ್ದು ಹಾಗೆ. ಪ್ರತಿ ವರ್ಷ ಕೊನೆಯ ಆರು ಮೆಟ್ಟಿಲಲ್ಲಿ ನಮ್ಮ ಬತ್ತಿ ಆರುತ್ತಿತ್ತು. ಈ ವರ್ಷ ಆರಲಿಲ್ಲ. ಕುದಿ ಜೋರಾಗಿದ್ದಾಗಲೇ ನೆಲಕ್ಕೆ ಇಟ್ಟೆ, ಉರಿಯಿತು. ‘ನೋಡಮ್ಮ, ಗಾಳಿ ಎಷ್ಟು ಶುದ್ಧ!’ ಎಂದ ಓರೆಸ್ತೆ. ಅವನಿಗೆ ಎಲ್ಲವೂ ಶುಭವೇ. ಆ ಕೆಟ್ಟಗಾಳಿ ಎಲ್ಲಿಗೆ ಹರಿದುಹೋಯಿತು ಎಂದು ನಾನು ಕೇಳಿದರೆ ‘ಹೋಯ್ತಲ್ಲ, ಸಾಲದೇ?’ ಅನ್ನುತ್ತಾನೆ.

ಎಲ್ಲಿಗೆ ಹೋಗುತ್ತಿದೆ ಎಂದು ನಾನು ಕಂಡುಹಿಡಿದೆ. ಈ ಗೋಡೆಯ ಬುಡದಲ್ಲಿ ಗಾರೆ ಉದುರಿ ಬೆರಳು ತೂರುವಷ್ಟು ಸಂದಾಗಿದೆ. ಬತ್ತಿ ಹತ್ತಿರ ಹಿಡಿದರೆ ಬೆಳಿಗ್ಗೆ ಉರಿ ಗೋಡೆಯ ಕಡೆಗೆ ಬಾಗುತ್ತದೆ. ಮಧ್ಯಾಹ್ನದ ಮೇಲೆ ನನ್ನ ಕಡೆಗೆ ಬಾಗುತ್ತದೆ. ನಿನ್ನೆಯೂ ಹಾಗೆ, ಇವತ್ತೂ ಹಾಗೆ. ಗೋಡೆ ಉಸಿರಾಡುತ್ತಿದೆ, ನೇನೊ. ಜ್ವರ ಬಂದವರ ಹಾಗೆ, ಬೆಚ್ಚಗೆ. ಅಪ್ಪ ಮುಚ್ಚಿದ ಒಳಗವಿಗೆ ಬೇರೆ ಬಾಗಿಲಿರಲಿಲ್ಲ, ಕಿಟಕಿಯಿರಲಿಲ್ಲ, ಹೊಗೆಕಂಡಿಯೂ ಇರಲಿಲ್ಲ. ಹಾಗಿದ್ದರೆ ಅದಕ್ಕೆ ಮೂಗು ಎಲ್ಲಿಂದ ಬಂತು?

ಓರೆಸ್ತೆಗೆ ಬೇಕಾದದ್ದು ಜಾಗ. ವ್ಯಾಪಾರಿಗೆ ಎರಡರಷ್ಟು ವೈನು ಬೇಕು, ಹಾಗಾಗಿ ಎರಡರಷ್ಟು ಪೀಪಾಯಿ ಇಡಲು ಒಳಗವಿ ಬೇಕು. ಒಳಗೆ ತಾತನ ಕಾಲದ ದೊಡ್ಡ ಪೀಪಾಯಿ ಬೇರೆ ಇದೆ ಎಂದು ಯಾರೋ ಕಿವಿಯೂದಿದ್ದಾರೆ. ಅಲ್ಲಿ ಚಾವಣಿ ಹೊತ್ತ ಕಲ್ಲಿನ ಕಂಬ ಕೆಟ್ಟಿದೆ, ಅದಕ್ಕೇ ತಾತ ಮುಚ್ಚಿದ್ದು ಎಂದೆ. ‘ಅದು ಕಂಬಕಡುಕ ಮಾವ ಕುಡಿದು ಕೊಡಲಿ ಬೀಸಿದ್ದಲ್ವಾ? ಒಂದೆರಡು ಏಟು. ತಾತ ಮರದ ಊರುಗೋಲು ಕೊಟ್ಟು ಸರಿ ಮಾಡಿದಾನೆ ಬಿಡು’ ಎಂದ. ಸೊಸೆ ಇಲ್ವಾಳಿಗೆ ತೊಟ್ಟಿಲನ್ನು ಮುಂದಿನ ಕೋಣೆಗೆ ತಾರೇ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಅತ್ತೇ, ಬಿಸಿಲು ಬರೋದು ಅದೊಂದೇ ಕೋಣೆ. ಮಗು ಬಟ್ಟೆ ಒಣಗೋದು ಅಲ್ಲೇ. ನಿಮಗೆ ಆ ಕೋಣೆ ಬೇಕು ಅಂದ್ರೆ ನೇರವಾಗಿ ಹೇಳಿ, ಬಂಡೆ ಗಿಂಡೆ ಅಂತ ಯಾಕೆ ಹೆದರಿಸ್ತೀರಿ?’ ಈ ವಯಸ್ಸಿನಲ್ಲಿ ನನಗೆ ಬಿಸಿಲಿನ ಕೋಣೆ ಬೇಕಂತೆ! ಕೆನ್ನೆಗೆ ಒಂದು ಬಿಡಬೇಕೆನಿಸಿತು. ಕೂಸು ಅವಳ ಕಂಕುಳಲ್ಲಿತ್ತು, ಕೈ ತಡೆದುಕೊಂಡೆ. ಕೂಸಿಗೆ ನಿನ್ನ ಕಿವಿ ಬಂದಿದೆ, ಬಾವಲಿಯ ಹಾಗೆ ಹೊರಚಾಚಿದೆ, ಪಾಪ.

ಕಂಬಕಡುಕ. ಊರು ಇನ್ನೂ ನಿನ್ನನ್ನು ಹಾಗೇ ಕರೆಯುತ್ತದೆ, ಬಾರಿನಲ್ಲಿ ಇಸ್ಪೀಟು ಆಡುವವರು ಕೂಡ. ನನ್ನ ಮಗ ನನ್ನೆದುರಿಗೇ ಕರೆಯುತ್ತಾನೆ, ನಾನು ಸೂಪಿಗೆ ಬ್ರೆಡ್ಡು ಮುರಿಯುತ್ತ ಸುಮ್ಮನಿರುತ್ತೇನೆ. ಇಪ್ಪತ್ತೊಂದು ವರ್ಷ ಸುಮ್ಮನಿದ್ದೇನೆ. ನಿನಗೆ ಎಷ್ಟು ಕಾಗದ ಬರೆದಿದ್ದೇನೆ, ಈಸ್ಟರಿಗೊಂದು, ಕ್ರಿಸ್‌ಮಸ್ಸಿಗೊಂದು, ಒಂದರಲ್ಲೂ ಈ ಮಾತು ಎತ್ತಲಿಲ್ಲ, ನೀನೂ ಎತ್ತಲಿಲ್ಲ. ಈಗ ಬರೆಯುತ್ತೇನೆ. ಕಂಬ ಕಡಿದವಳು ನಾನು.

ನಿನಗೆ ಗೊತ್ತಿದ್ದದ್ದೇ, ಆದರೂ ನನ್ನ ಕೈಯಿಂದ ಬರೆದದ್ದು ಇರಲಿ. ಆ ದೊಡ್ಡ ಪೀಪಾಯಿಯನ್ನು ನನ್ನ ಗಂಡ ಎಲ್ವಿಯೊಗೆ ಹೇಳಿ ಮಾಡಿಸಿದವಳು ನಾನೇ. ಅಳತೆ ಕೊಟ್ಟವಳೂ ನಾನೇ. ಗೇಣಿನಲ್ಲಿ ಅಳೆದಿದ್ದೆ. ಬಡಗಿ ‘ಅಕ್ಕಾ, ಇನ್ನೊಂದ್ಸಲ ಅಳೀರಿ’ ಎಂದಾಗ ‘ನಂಗೆ ಲೆಕ್ಕ ಬರಲ್ಲ ಅನ್ಕೊಂಡ್ಯಾ?’ ಎಂದು ಜಬರಿಸಿದ್ದೆ. ಪೀಪಾಯಿ ಒಳಗವಿಯ ಬಾಯಿ ದಾಟಿತು, ನಡುವಿನ ಕಂಬದ ಹತ್ತಿರ ಸಿಕ್ಕಿಬಿತ್ತು. ನಾಲ್ಕು ಬೆರಳು ಹೆಚ್ಚಾಗಿತ್ತು, ನಾಲ್ಕೇ ಬೆರಳು. ಗಂಡ ನಕ್ಕರೆ, ಅಪ್ಪ ಬೈದರೆ, ಓಣಿಯ ಹೆಂಗಸರಿಗೆ ಗೊತ್ತಾದರೆ ಎಂದು ನನಗೆ ಮೈಯೆಲ್ಲ ಉರಿ. ‘ಸೋಮವಾರದೊಳಗೆ ಕೂರಿಸ್ತೀನಿ, ಯಾರೂ ಕೆಳಗೆ ಬರ್ಬೇಡಿ’ ಎಂದು ಹೇಳಿ ಕೈಗೊಡಲಿ ತೆಗೆದುಕೊಂಡು ಇಳಿದೆ. ನಮ್ಮ ಹಳದಿ ಕಲ್ಲು ಎಷ್ಟು ಮೆತ್ತಗೆ ಎಂದು ಗೊತ್ತಲ್ಲ, ಹಳೇ ಗಿಣ್ಣು ಕೆರೆದ ಹಾಗೆ ಬರುತ್ತದೆ. ನಾಲ್ಕು ಬೆರಳು ಕೆತ್ತಿದೆ. ಓರೆಯಾಯಿತು. ಸರಿ ಮಾಡಲು ಆ ಕಡೆಯೂ ಕೆತ್ತಿದೆ. ಮೂರು ದಿನ ಕೆತ್ತಿದೆ. ಪೀಪಾಯಿ ದಾಟಿತು. ತಿರುಗಿ ನೋಡಿದರೆ ಇಬ್ಬರು ತಬ್ಬಿದರೂ ಸಿಗದಿದ್ದ ಕಂಬದ ಸೊಂಟ ನನ್ನೊಬ್ಬಳ ಎರಡು ತೋಳಿಗೆ ಸಿಕ್ಕಿತು. ನಿಂತು ನೋಡುತ್ತಿರುವಾಗಲೇ ಚಾವಣಿಯಿಂದ ಒಂದು ಹೆಂಟೆ ಪೀಪಾಯಿಯ ಮೇಲೆ ಬಿತ್ತು. ಡೋಲಿನ ಸದ್ದು. ಅಪ್ಪ ಇಳಿದು ಬಂದ, ಹಿಂದೆ ನೀನು.

‘ಯಾರು ಮಾಡಿದ್ದು?’ ಎಂದ ಅಪ್ಪ. ನನ್ನ ಲಂಗದ ತುಂಬ ಕಲ್ಲಿನ ಪುಡಿ. ಬಾಯಿ ತೆರೆದೆ, ಮಾತು ಬರಲಿಲ್ಲ. ಬೇರೆ ದಿನಗಳಲ್ಲಿ ಮುಚ್ಚು ಎಂದರೂ ಮುಚ್ಚದ ಬಾಯಿ ಇದು. ನೀನು ನನ್ನ ಲಂಗ ನೋಡಿದೆ, ಮುಖ ನೋಡಿದೆ. ‘ನಾನೇ ಅಪ್ಪಾ. ಸ್ವಲ್ಪ ಕುಡಿದಿದ್ದೆ’ ಎಂದವನು ನೀನು. ನೀನು ಆ ದಿನ ನೀರು ಬಿಟ್ಟು ಬೇರೇನೂ ಕುಡಿದಿರಲಿಲ್ಲ. ಅಪ್ಪ ಕೊಟ್ಟ ಏಟಿನ ಸದ್ದು ಪೀಪಾಯಿಯ ಸದ್ದಿಗಿಂತ ದೊಡ್ಡದಾಗಿತ್ತು. ‘ಮನೆ ಕಾಲು ಕಡಿದೋನು ನನ್ನ ಊಟದ ಮೇಜಿಗೆ ಬರಬಾರದು’ ಎಂದ. ಮಾರ್ಚಿನಲ್ಲಿ ನೀನು ರೈಲು ಹತ್ತಿದೆ. ನಾನು ನಿಲ್ದಾಣಕ್ಕೆ ಬಂದು ಬ್ರೆಡ್ಡು, ಗಿಣ್ಣು, ಅರ್ಧ ಡಜನ್ ಮೊಟ್ಟೆ ಕೊಟ್ಟೆ. ಬೇರೆ ಏನೋ ಕೊಡಬೇಕಿತ್ತು. ಅಪ್ಪ ಸಾಯುವಾಗಲೂ ನಾನು ನಿಜ ಹೇಳಲಿಲ್ಲ. ಹೇಳುವುದಕ್ಕೆ ಬಗ್ಗಿದೆ, ಅವನು ನೀರು ಕೇಳಿದ, ನೀರು ತರಲು ಎದ್ದೆ. ಅಷ್ಟರಲ್ಲಿ ಮುಗಿಯಿತು.

ಈಗ ನಿನ್ನಿಂದ ಬೇಕಾದದ್ದು ಒಂದೇ ಮಾತು. ಗೋಡೆ ಕಟ್ಟುವ ಮುಂಚೆ ಅಪ್ಪ ಕಂಬದ ಸುತ್ತ ಊರುಗೋಲು ನಿಲ್ಲಿಸಿದಾಗ ಲಾಟೀನು ಹಿಡಿದವನು ನೀನು. ನನ್ನನ್ನು ಒಳಗೆ ಬಿಡಲಿಲ್ಲ. ಆ ಊರುಗೋಲು ಯಾವ ಮರದ್ದು? ಚೆಸ್ಟ್‌ನಟ್ಟಿನದೋ ಪಾಪ್ಲರಿನದೋ? ಚೆಸ್ಟ್‌ನಟ್ ಆದರೆ ನೂರು ವರ್ಷ ನಿಲ್ಲುತ್ತದೆ, ನಾನು ಕುರ್ಚಿ ಎತ್ತಿಕೊಂಡು ಮೇಲೆ ಹೋಗಿ ಸೊಸೆಯ ಕ್ಷಮೆ ಕೇಳುತ್ತೇನೆ, ಅದೂ ಆಗಿಹೋಗಲಿ. ಆದರೆ ಅದು ಯುದ್ಧ ಮುಗಿದ ಮರುವರ್ಷ, ಚೆಸ್ಟ್‌ನಟ್ ಮರವೆಲ್ಲ ಒಲೆಗೆ ಹೋಗಿತ್ತು. ನದಿಯ ದಂಡೆಯಲ್ಲಿ ಪಾಪ್ಲರ್ ಬಿಟ್ಟರೆ ಏನು ಸಿಗುತ್ತಿತ್ತು? ಪಾಪ್ಲರ್ ಗವಿಯ ತೇವಕ್ಕೆ ಹತ್ತು ವರ್ಷ ಬಾಳುವುದಿಲ್ಲ. ನೀನು ಗಣಿಯವನು, ನಿನ್ನ ಮಾತನ್ನು ಓರೆಸ್ತೆ ಕೇಳುತ್ತಾನೆ. ‘ಮಾವನಿಗೆ ಬಂಡೆ ಮಾತು ಗೊತ್ತು’ ಎಂದು ಅವನೇ ಹೇಳಿದ್ದುಂಟು. ಕಾಗದ ಬರೆಯುತ್ತ ಕೂರಬೇಡ, ತಂತಿ ಕೊಡು. ಒಂದೇ ಪದ. ಪಾಪ್ಲರ್ ಎಂದಿದ್ದರೆ ನಾನು ಅದನ್ನು ಅವನ ಮುಖಕ್ಕೆ ಹಿಡಿಯುತ್ತೇನೆ. ಮಂಗಳವಾರದೊಳಗೆ ಬರಬೇಕು. ಅಲ್ಲಿಯವರೆಗೆ ನಾನು ಇಲ್ಲಿಂದ ಏಳುವುದಿಲ್ಲ, ಇವರು ಸೂಪು ಕೆಳಗೇ ತಂದುಕೊಡಲಿ. ಇಲ್ಲಿ ಕೂತರೆ ನನ್ನ ತಲೆಯ ಮೇಲೂ ಬೀಳಬಹುದಲ್ಲ ಎಂದು ನೀನು ಕೇಳುತ್ತೀಯ. ಬೀಳಲಿ. ಕೆತ್ತಿದವಳು ನಾನು ತಾನೆ.

ಇಲ್ಲಿ ಕೂತಾಗ ಸಣ್ಣ ಸದ್ದು ಕೇಳುತ್ತದೆ. ಇಲಿ ಅಂದುಕೊಂಡೆ. ಇಲಿಯಾದರೆ ನಡುನಡುವೆ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ, ಜರಡಿಯಲ್ಲಿ ಹಿಟ್ಟು ಇಳಿದ ಹಾಗೆ. ನಮ್ಮ ಬೆಕ್ಕು ಕೊನೆಯ ಮೆಟ್ಟಿಲವರೆಗೆ ಬಂದು ನನ್ನನ್ನು ನೋಡಿ ವಾಪಸು ಹೋಗುತ್ತದೆ. ಅಪ್ಪನ ಸಮಾಧಿಗೆ ಶನಿವಾರ ಸೇವಂತಿಗೆ ಇಟ್ಟೆ, ನಿನ್ನ ಹೆಸರಿನದೂ ಒಂದು ಗೊಂಚಲು. ಸತ್ತವರ ದಿನದ ಬಾದಾಮಿ ಬಿಸ್ಕತ್ತು ಈ ಸಲ ಸೊಸೆ ಮಾಡಿದಳು, ಹಲ್ಲಿದ್ದವರಿಗೂ ಆಗಲಿಲ್ಲ. ಲಿಯೋನಿಗೆ ನನ್ನ ಮುತ್ತುಗಳು, ನಿನ್ನ ಮಕ್ಕಳು ನಮ್ಮ ಭಾಷೆ ಮರೆತಿದ್ದರೂ ತಲೆ ಸವರಿ ಅತ್ತೆ ಹರಸಿದಳೆಂದು ಹೇಳು. ನಿನಗೆ ಅಮ್ಮ ಕೊಡಲಾಗದೇ ಹೋದ ಆಶೀರ್ವಾದವೆಲ್ಲ ನನ್ನ ಕೈಯಿಂದ ಇರಲಿ, ಆ ಕೈ ಎಂಥದ್ದೇ ಆಗಿರಲಿ.

ನಿನ್ನ ಅಕ್ಕ,
ಆರ್ಜಿಯಾ

ಮತ್ತೆ: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ, ಅಡುಗೆಮನೆಯಲ್ಲಿ, ನಿಂತುಕೊಂಡೇ. ಅಂಚೆಯವಳು ಓಣಿಯ ತುದಿಗೆ ಬಂದಿದ್ದಾಳೆ. ಓರೆಸ್ತೆ ಸೂಪು ತಂದ. ನಾನು ಅವನಿಗೆ ಹೇಳಿಬಿಟ್ಟೆ, ಕಂಬ ಕಡಿದದ್ದು ಮಾವ ಅಲ್ಲ, ನಾನು, ಮೂರು ದಿನ ಕಡಿದೆ ಎಂದೆ. ಬಟ್ಟಲನ್ನು ನೆಲಕ್ಕಿಟ್ಟ. ಆಮೇಲೆ ನಕ್ಕ, ಸರಿಯಾದ ನಗೆಯಲ್ಲ. ‘ನಿನ್ನ ಕೈಗೊಡಲಿಗೆ ಬೀಳೋ ಮನೆ ಆಗಿದ್ರೆ ಯಾವಾಗ್ಲೋ ಬೀಳ್ತಿತ್ತಮ್ಮ. ತಾಳು, ಒಂದು ಕಲ್ಲು ತೆಗೆದು ತೋರಿಸ್ತೀನಿ, ಆಮೇಲಾದ್ರೂ ಎದ್ದು ಬಾ’ ಎಂದು ಸಂದಿನ ಮೇಲಿನ ಕಲ್ಲನ್ನು ಬೆರಳಲ್ಲೇ ಸರಿಸಿದ. ಬೆರಳಲ್ಲೇ ಬಂತು. ಗಾಳಿ ನುಗ್ಗಿ ಬತ್ತಿ ಆರಿತು. ಕತ್ತಲಾಗುತ್ತದೆಂದು ಇಬ್ಬರೂ ಕಾದೆವು. ಕತ್ತಲಾಗಲಿಲ್ಲ, ನೇನೊ. ಒಳಗೆ ಬಿಸಿಲಿತ್ತು. ಅಪ್ಪ ಮುಚ್ಚಿದ ಗವಿಯೊಳಗೆ, ನನ್ನ ಪೀಪಾಯಿಯ ಹೊಟ್ಟೆಯ ಮೇಲೆ, ಅಂಗೈ ಅಗಲದ ಬಿಸಿಲಿನ ಪಟ್ಟೆ. ಕಣಿವೆಯ ಕಡೆಯ ಬಂಡೆ ಬಿರಿದು ಬಾಯಿ ತೆರೆದಿದೆ. ಊರುಗೋಲುಗಳು ನೆಲದ ಮೇಲೆ ಮಲಗಿದ್ದವು, ಯಾವ ಮರ ಎಂದು ಕೇಳುವ ಹಾಗೆ ಉಳಿದಿರಲಿಲ್ಲ. ಓರೆಸ್ತೆ ಆ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿದ್ದೆಯಲ್ಲಿರುವ ಕೂಸನ್ನು ಮಲಗಿಸುವ ಹಾಗೆ ವಾಪಸಿಟ್ಟ, ತುದಿಗಾಲಲ್ಲಿ ಮೆಟ್ಟಿಲು ಹತ್ತಿದ. ಸೊಸೆ ಇಲ್ವಾ ‘ಏನಾಯ್ತು?’ ಎಂದರೆ ‘ಶಾಲು ತಗೋ, ಮಾತಾಡ್ಬೇಡ’ ಎಂದ. ಕೂಸು ಅವನ ತೋಳಲ್ಲಿದೆ, ಬಾಗಿಲಲ್ಲಿ ನಿಂತು ನನ್ನನ್ನು ಕೂಗುತ್ತಿದ್ದಾನೆ. ವೈನು ಅಲ್ಲೇ ಇರಲಿ. ತಂತಿ ಬೇಡ. ಈ ವಿಳಾಸಕ್ಕೆ ಇನ್ನು ಏನನ್ನೂ ಬರೆಯಬೇಡ. ಕೆಳಗೆ ರೈಲು ನಿಲ್ದಾಣದ ಎದುರಿಗೆ ಎಲ್ವಿಯೊನ ತಂಗಿ ಫೋಸ್ಕಾಳ ಮನೆಗೆ ಬರೆ. ಉಗುಳು ಕಪ್ಪೋ ಬಿಳಿಯೋ, ಅದನ್ನೂ.